ಒಂದು ಹಳೆಯ ಕಂಪ್ಯೂಟರಿನಿಂದ ಇನ್ನೊಂದಕ್ಕೆ: ಆಪರೇಟಿಂಗ್ ಸಿಸ್ಟಂ ನಕಲು ಮಾಡುವುದು ಹೇಗೆ?

“ಸರ್, ಈ ಕಂಪ್ಯೂಟರ್ ಚೆನ್ನಾಗಿ ನಡೀತಿದೆ. ಇದರಲ್ಲಿರೋದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಪಕ್ಕದ್ದಕ್ಕೂ ಹಾಕಿದರೆ ಆಗಲ್ವಾ?” ಲ್ಯಾಬ್‌ನಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಫೋಟೊ, ನೋಟ್ಸ್‌ಗಳನ್ನು ಹಾಗೆ ನಕಲು ಮಾಡಬಹುದು. ಆಪರೇಟಿಂಗ್ ಸಿಸ್ಟಂ ಅನ್ನು ಹಾಗೆ ಮಾಡಿದರೆ ಎರಡನೆಯ ಕಂಪ್ಯೂಟರ್ ಬೂಟ್ ಆಗುವುದಿಲ್ಲ.

ಕಾರಣ ಸರಳ. ಸ್ವಿಚ್ ಒತ್ತಿದ ಕೂಡಲೇ ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಎಂಬ ಪ್ರೋಗ್ರಾಂ ಡಿಸ್ಕ್‌ನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಬೂಟ್ ಲೋಡರ್ ಶುರುವಾಗುವುದು ಅಲ್ಲಿಂದ. ಆ ಜಾಗ ಯಾವ ಫೋಲ್ಡರ್‌ನಲ್ಲೂ ಕಾಣುವುದಿಲ್ಲ, ಕಾಪಿ-ಪೇಸ್ಟ್‌ಗೂ ಸಿಗುವುದಿಲ್ಲ. ಹೊಸ ಯುಇಎಫ್‌ಐ ಕಂಪ್ಯೂಟರ್‌ಗಳಲ್ಲಿ ಬೂಟ್ ಲೋಡರ್‌ಗೆ ಬೇರೆಯೇ ಒಂದು ಚಿಕ್ಕ ಪಾರ್ಟಿಷನ್ ಇರುತ್ತದೆ. ಆದ್ದರಿಂದ ಡಿಸ್ಕ್ ಅನ್ನು ಇಡಿಯಾಗಿ ನಕಲು ಮಾಡಬೇಕು. ಇದಕ್ಕೆ ಕ್ಲೋನಿಂಗ್ ಎನ್ನುತ್ತಾರೆ.

ಯಾವುದನ್ನು ನಕಲು ಮಾಡಬಹುದು? ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಪರವಾನಗಿ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸಲ್ಲುತ್ತದೆ. ಯಾರೂ ನೋಡುವುದಿಲ್ಲ ಎಂದು ಇನ್ನೊಂದಕ್ಕೆ ಹಾಕುವುದು ಅಮಾನತ್ತಿಗೆ ತಪ್ಪಿದಂತೆ. ಮೇಲಾಗಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಹಳೆಯ ಕಂಪ್ಯೂಟರ್‌ಗಳಲ್ಲಿ ಇರುವುದಿಲ್ಲ.

ಲಿನಕ್ಸ್ ಹಾಗಲ್ಲ. ನಕಲು ಮಾಡಿ ಹಂಚಲು ಅದರ ಪರವಾನಗಿಯೇ ಅನುಮತಿ ಕೊಡುತ್ತದೆ. ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುವುದರಿಂದ ಬೇರೆ ಮದರ್‌ಬೋರ್ಡ್‌ಗೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಬಳಸುವುದು ಲಿನಕ್ಸನ್ನೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲೇ. ಒಂದು ಕಂಪ್ಯೂಟರ್‌ನಲ್ಲಿ ಪೈಥಾನ್, ಕನ್ನಡ ಕೀಬೋರ್ಡ್, ಫಾಂಟ್‌ಗಳನ್ನು ಸಿದ್ಧಮಾಡಿಟ್ಟರೆ ಸಾಕು, ಉಳಿದವಕ್ಕೆ ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಮಾಡುವ ವಿಧಾನ:

1. ಉಚಿತವಾಗಿ ಸಿಗುವ ಕ್ಲೋನ್‌ಜಿಲ್ಲಾವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ.

2. ಎರಡೂ ಡಿಸ್ಕ್‌ಗಳನ್ನು ಒಂದೇ ಕಂಪ್ಯೂಟರ್‌ಗೆ ಜೋಡಿಸಿ. ಎರಡನೆಯದು ಮೊದಲನೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ.

3. ಡಿಸ್ಕ್‌ನಿಂದ ಡಿಸ್ಕ್‌ಗೆ ಎಂಬ ಆಯ್ಕೆ ಒತ್ತಿ. ಮೊದಲು ಮೂಲ ಡಿಸ್ಕ್, ಆಮೇಲೆ ಗುರಿ ಡಿಸ್ಕ್ ಆರಿಸಿ.

4. ಮುಗಿದ ಮೇಲೆ ಹೊಸ ಕಂಪ್ಯೂಟರ್‌ನ ಹೆಸರು ಬದಲಿಸಿ. ಒಂದೇ ಹೆಸರಿನ ಎರಡು ಕಂಪ್ಯೂಟರ್ ಇದ್ದರೆ ನೆಟ್‌ವರ್ಕ್‌ನಲ್ಲಿ ಗೊಂದಲವಾಗುತ್ತದೆ.

64 ಬಿಟ್‌ನ ಲಿನಕ್ಸ್ 32 ಬಿಟ್ ಪ್ರೊಸೆಸರ್‌ನಲ್ಲಿ ನಡೆಯುವುದಿಲ್ಲ. ಬಯೋಸ್‌ನಲ್ಲಿ ಹಾಕಿದ್ದು ಯುಇಎಫ್‌ಐ ಕಂಪ್ಯೂಟರ್‌ನಲ್ಲಿ ಬೂಟ್ ಆಗದಿರಬಹುದು. ಇವೆರಡನ್ನು ಮೊದಲೇ ನೋಡಿಕೊಳ್ಳಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಮೂರನೆಯ ಹಂತದಲ್ಲಿದೆ. ಮೂಲ, ಗುರಿ ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ. ಗೆಳೆಯರ ಪ್ರಾಜೆಕ್ಟ್, ಪ್ರಾಕ್ಟಿಕಲ್ ಪ್ರೋಗ್ರಾಂಗಳು ಅಳಿಸಿಹೋಗುತ್ತವೆ. ಆದ್ದರಿಂದ ಮೊದಲು ಬ್ಯಾಕಪ್ ತೆಗೆದಿಡಿ. ಡಿಸ್ಕ್‌ನ ಮಾಡೆಲ್ ಹೆಸರು, ಗಾತ್ರವನ್ನು ಕಾಗದದ ಮೇಲೆ ಬರೆದುಕೊಂಡು ಪರದೆಯೊಂದಿಗೆ ತಾಳೆ ನೋಡಿ. ಪಕ್ಕದಲ್ಲಿರುವವರಿಗೂ ಒಮ್ಮೆ ತೋರಿಸಿ. ಆಮೇಲೆ ಬಿಸ್ಮಿಲ್ಲಾ ಎಂದು ಎಂಟರ್ ಒತ್ತಿ.