ಬಡತನ ಕಸಿಯುವುದು ಹೆತ್ತವರ ಸಂಜೆಯನ್ನು

ಹದಿಹರೆಯದ ಹುಡುಗ ಕಳವಿನಲ್ಲಿ ಸಿಕ್ಕಿಬಿದ್ದರೆ ಊರಿನ ಬಾಯಲ್ಲಿ ಎರಡು ತೀರ್ಪು ಸಿದ್ಧ. 'ಬಡತನ ಮಾಡಿಸಿತು' ಎನ್ನುವವರು ಕೆಲವರು, 'ಹೆತ್ತವರು ನೆಟ್ಟಗೆ ಬೆಳೆಸಲಿಲ್ಲ' ಎನ್ನುವವರು ಹಲವರು. ಇವೆರಡೂ ಒಂದೇ ಮನೆಯಲ್ಲಿ ಹೆಣೆದುಕೊಂಡಿರುವಾಗ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಹೇಗೆ? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಂಥ ಅವಕಾಶ ಆಕಸ್ಮಿಕವಾಗಿ ಒದಗಿತು.

ಡ್ಯೂಕ್ ವಿಶ್ವವಿದ್ಯಾಲಯದ ಜೇನ್ ಕಾಸ್ಟೆಲೊ ಅವರ ತಂಡ 1993ರಿಂದ ಅಲ್ಲಿನ ಗುಡ್ಡಗಾಡಿನ 1,420 ಮಕ್ಕಳ ನಡವಳಿಕೆ, ಮನಃಸ್ಥಿತಿಗಳನ್ನು ದಾಖಲಿಸುತ್ತಿತ್ತು. ಅವರಲ್ಲಿ ಸುಮಾರು ಕಾಲು ಭಾಗ ಚೆರೋಕಿ ಬುಡಕಟ್ಟಿನವರು. ಅಧ್ಯಯನ ನಡೆಯುತ್ತಿರುವಾಗಲೇ, 1997ರಲ್ಲಿ, ಬುಡಕಟ್ಟಿನ ನೆಲದಲ್ಲಿ ಕ್ಯಾಸಿನೊ ತೆರೆಯಿತು. ಜೂಜಿನ ದುಡ್ಡಿನಿಂದ ಮಕ್ಕಳು ಸುಧಾರಿಸಿದರು ಎಂದರೆ ನಗು ಬರಬಹುದು! ಆದರೆ ಲಾಭದ ಒಂದು ಪಾಲು ಬುಡಕಟ್ಟಿನ ಪ್ರತಿಯೊಬ್ಬರಿಗೂ ವರ್ಷಕ್ಕೆರಡು ಸಲ ಬರತೊಡಗಿತು. ದುಡಿದವರು, ದುಡಿಯದವರು ಎಂಬ ಭೇದ ಇರಲಿಲ್ಲ.

ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಬಡತನದಿಂದ ಹೊರಬಂದ ಮನೆಗಳ ಮಕ್ಕಳ ಪುಂಡಾಟ, ಹಠಮಾರಿತನ ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಇಳಿದಿತ್ತು. ಆತಂಕ, ಖಿನ್ನತೆ ಮಾತ್ರ ಕದಲಲಿಲ್ಲ. ಈ ಬದಲಾವಣೆಗೆ ಮುಖ್ಯ ಕೊಂಡಿಯಾಗಿ ಕಂಡದ್ದು ಹೆತ್ತವರ ನಿಗಾ. ಹೊಟ್ಟೆಪಾಡಿನ ಒತ್ತಡ ಸಡಿಲವಾದಾಗ ಮಗ ಎಲ್ಲಿದ್ದಾನೆ, ಯಾರ ಜತೆಗಿದ್ದಾನೆ ಎಂದು ಕೇಳಲು ಅವರಿಗೆ ಪುರಸೊತ್ತು ಸಿಕ್ಕಿತ್ತು. 2010ರಲ್ಲಿ ಅರ್ಥಶಾಸ್ತ್ರಜ್ಞ ರ್‍ಯಾಂಡಲ್ ಅಕೀ ಮತ್ತು ಸಂಗಡಿಗರು ಅದೇ ಮಕ್ಕಳ ಲೆಕ್ಕ ತೆಗೆದರು. ಬಡ ಕುಟುಂಬಕ್ಕೆ ವರ್ಷಕ್ಕೆ 4,000 ಡಾಲರ್ ಹೆಚ್ಚು ಬಂದರೆ, 16–17ರ ವಯಸ್ಸಿನಲ್ಲಿ ಸಣ್ಣಪುಟ್ಟ ಅಪರಾಧ ಮಾಡುವ ಸಾಧ್ಯತೆ ಶೇ 22ರಷ್ಟು ತಗ್ಗುತ್ತಿತ್ತು.

ಇದಕ್ಕೂ ಮುಂಚೆ, 1950ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪರಾಧಶಾಸ್ತ್ರಜ್ಞರಾದ ಗ್ಲೂಯೆಕ್ ದಂಪತಿ ಬಾಸ್ಟನ್ನಿನ ಬಡ ಕೇರಿಗಳ 500 ಬಾಲಾಪರಾಧಿಗಳನ್ನು, ಅಂಥವೇ ಕೇರಿಗಳಲ್ಲಿ ಬೆಳೆದ 500 ನಿರಪರಾಧಿ ಹುಡುಗರೊಡನೆ ಹೋಲಿಸಿದ್ದರು. ಅಲ್ಲಿಯೂ ಎದ್ದು ಕಂಡದ್ದು ತಾಯಿಯ ನಿಗಾ, ಶಿಕ್ಷೆಯ ರೀತಿ, ಮನೆಯೊಳಗಿನ ಅಕ್ಕರೆ. ಹಾಗೆಂದು ಬಡತನವನ್ನು ಖುಲಾಸೆ ಮಾಡುವಂತಿಲ್ಲ. ಆ ನಿಗಾ, ಆ ಅಕ್ಕರೆಯನ್ನೇ ಅದು ಕಸಿಯುತ್ತದೆ. ಎರಡು ಪಾಳಿ ದುಡಿದು ಬಂದವಳಿಗೆ 'ಮಗನನ್ನು ನೋಡಿಕೊಳ್ಳಬಾರದಿತ್ತೇ' ಎಂದು ಉಪದೇಶಿಸುವುದು ಸುಲಭ, ಅಷ್ಟೇ ಕ್ರೂರ.

ನಮ್ಮ ಕರ್ನಾಟಕದಲ್ಲಿ 2023ರಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬೀಳುತ್ತಿದೆ. ಮೊತ್ತ ಸಣ್ಣದು, ಚೆರೋಕಿಯ ಫಲವೇ ಇಲ್ಲಿಯೂ ಸಿಕ್ಕೀತೆಂದು ಹೇಳಲಾಗದು. ಆದರೂ ಖಜಾನೆಯ ಹೊರೆಯನ್ನಷ್ಟೇ ಅಳೆಯುತ್ತಿರುವ ಅರ್ಥಶಾಸ್ತ್ರಜ್ಞರು, ಆ ದುಡ್ಡಿನಿಂದ ಎಷ್ಟು ತಾಯಂದಿರಿಗೆ ಸಂಜೆಯ ಹೊತ್ತು ಮನೆಯಲ್ಲಿರಲು ಸಾಧ್ಯವಾಯಿತು ಎಂಬುದನ್ನೂ ಲೆಕ್ಕ ಹಾಕಲಿ.