ಹಳದಿ ಬೋರ್ಡಿನ ಹಿಂದಿರುವ ಕಾಗದ

ನಸುಕಿನ ಐದು ಗಂಟೆ. ರೈಲ್ವೆ ನಿಲ್ದಾಣಕ್ಕೆ ಹೊರಟ ಸಂಸಾರದ ಮುಂದೆ ಟ್ಯಾಕ್ಸಿ ಬಂದು ನಿಲ್ಲುತ್ತದೆ. ಯಜಮಾನರು ಬಾಡಿಗೆ ಎಷ್ಟಾಗುವುದೆಂದು ಎರಡು ಬಾರಿ ಕೇಳುತ್ತಾರೆ. ಮನೆಯಾಕೆ ಚೀಲಗಳನ್ನು ಮೂರು ಬಾರಿ ಎಣಿಸುತ್ತಾರೆ. ಬ್ರೇಕು ಸರಿಯಾಗಿ ಹಿಡಿಯುವುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಬಂದ ಉತ್ತರ ನಿಜವೇ ಎಂದು ಪರೀಕ್ಷಿಸುವ ಬಗೆ ಅವರಿಗೆ ತಿಳಿಯದು. ಅವರ ಪರವಾಗಿ ಆ ಪ್ರಶ್ನೆಯನ್ನು ಸರ್ಕಾರವೇ ಕೇಳುತ್ತದೆ. ಅದಕ್ಕೆ ದೊರೆತ ಉತ್ತರವೇ ಅರ್ಹತಾ ಪತ್ರ. ಚಾಲಕರ ಬಾಯಲ್ಲಿ ‘ಎಫ್.ಸಿ.’

1988ರ ಮೋಟಾರು ವಾಹನಗಳ ಅಧಿನಿಯಮದ 56ನೆಯ ಕಲಮು ಈ ಪತ್ರಕ್ಕೆ ಕೊಟ್ಟಿರುವ ಬೆಲೆ ದೊಡ್ಡದು. ಪತ್ರವಿಲ್ಲದ ಬಾಡಿಗೆ ಗಾಡಿ ನೋಂದಣಿಯೇ ಆಗದ ಗಾಡಿಗೆ ಸಮಾನ. 2018ರ ತಿದ್ದುಪಡಿಯಂತೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಗಳ ಪತ್ರ. ಅನಂತರ ವರ್ಷಕ್ಕೊಮ್ಮೆ ಪರೀಕ್ಷೆ. ಬ್ರೇಕು, ಸ್ಟೀರಿಂಗು, ಮುಂದೀಪಗಳ ಬೆಳಕು, ಹಾರನ್ನು, ಕನ್ನಡಿ, ಗಾಜೊರೆಸುವ ವೈಪರು, ಸೈಲೆನ್ಸರು, ಹೊಗೆ, ವೇಗಮಾಪಕ ಎಲ್ಲವೂ ಪರೀಕ್ಷೆಗೆ ಒಳಪಟ್ಟವೇ. ಸ್ಪಾರ್ಕ್ ಪ್ಲಗ್ಗನ್ನು ಸಹ ನಿಯಮ ಬಿಟ್ಟಿಲ್ಲ!

ಈ ಪತ್ರದ ಅವಧಿ ಮುಗಿದ ಮೇಲೂ ಗಾಡಿ ಓಡಿದರೆ ‘ಲೈಸೆನ್ಸು ಹೋಯಿತು’ ಎಂದು ಜನ ಆಡಿಕೊಳ್ಳುವುದುಂಟು. ವಾಸ್ತವವಾಗಿ ಮೊದಲು ಅಪಾಯಕ್ಕೆ ಸಿಲುಕುವುದು ಪರ್ಮಿಟ್ಟು. ಗಾಡಿಗೆ ಸದಾ ಊರ್ಜಿತವಾದ ಅರ್ಹತಾ ಪತ್ರವಿರಬೇಕೆಂಬುದು 84ನೆಯ ಕಲಮಿನಂತೆ ಪ್ರತಿಯೊಂದು ಪರ್ಮಿಟ್ಟಿನ ಷರತ್ತು. ಅದನ್ನು ಮುರಿದವನ ಪರ್ಮಿಟ್ಟನ್ನು ಅಮಾನತಿನಲ್ಲಿಡಲು ಅಥವಾ ರದ್ದುಪಡಿಸಲು 86ನೆಯ ಕಲಮು ಸಾರಿಗೆ ಪ್ರಾಧಿಕಾರಕ್ಕೆ ಅಧಿಕಾರ ಕೊಡುತ್ತದೆ. ಆದರೆ ರದ್ದುಪಡಿಸುವ ಮುನ್ನ ಅವನ ಸಮಜಾಯಿಷಿಯನ್ನು ಕೇಳಲೇಬೇಕು. ರದ್ದಿಗೆ ಬದಲಾಗಿ ಒಪ್ಪಿದ ಮೊತ್ತವೊಂದನ್ನು ಕಟ್ಟಿಸಿಕೊಳ್ಳಲೂ ಅವಕಾಶವಿದೆ. ನ್ಯಾಯಾಧಿಕರಣಕ್ಕೆ ಮೇಲ್ಮನವಿಯೂ ಉಂಟು.

ಚಾಲಕನ ಲೈಸೆನ್ಸಿನ ದಾರಿಯೇ ಬೇರೆ. ಅದನ್ನು ಕಸಿಯುವ 19ನೆಯ ಕಲಮು ನೋಡುವುದು ಮನುಷ್ಯನ ನಡತೆಯನ್ನು: ಕುಡಿತ, ವಂಚನೆಯಿಂದ ಪಡೆದ ಲೈಸೆನ್ಸು, ಜನರಿಗೆ ಅಪಾಯ ತರುವ ಚಾಲನೆ. ಹಾಗೆಂದು ‘ಗಾಡಿ ಯಜಮಾನರದು, ನಾನು ಓಡಿಸುವವನು ಮಾತ್ರ’ ಎಂದು ಸಂಬಳದ ಚಾಲಕ ಕೈತೊಳೆದುಕೊಳ್ಳುವಂತಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದ ಅಪಾಯಕರ ದೋಷವಿರುವ ಗಾಡಿಯನ್ನು ಓಡಿಸಿದವನೂ, ಓಡಿಸಗೊಟ್ಟವನೂ 190ನೆಯ ಕಲಮಿನಂತೆ ಅಪರಾಧಿಗಳೇ. ಗಾಡಿ ಆರ್.ಟಿ.ಓ. ಅಂಗಳದಲ್ಲಿ ನಿಂತರೆ ಅವನ ಲೈಸೆನ್ಸು ಜೇಬಿನಲ್ಲಿ ಭದ್ರವಾಗಿದ್ದೇನು ಫಲ? ಅಂದಿನ ಸಂಪಾದನೆ ಅಂದೇ ನಿಲ್ಲುತ್ತದೆ.

ಪರೀಕ್ಷೆ ತಪ್ಪುವುದಾದರೂ ಏಕೆ? ಉದಾಸೀನ ಒಂದು ಕಾರಣ. ಆದರೆ ಹಳೆಯ ಗಾಡಿಯ ಬಡ ಒಡೆಯನಿಗೆ ಪರೀಕ್ಷೆಯೆಂದರೆ ಸಂಪಾದನೆಯಿಲ್ಲದ ಒಂದು ದಿನ, ಅದರ ಹಿಂದಿನ ವಾರದಲ್ಲಿ ಹೊಸ ಟೈರು, ಬ್ರೇಕಿನ ರಿಪೇರಿ, ಬಣ್ಣ. ‘ಮುಂದಿನ ತಿಂಗಳು ನೋಡೋಣ’ ಎಂಬ ಮಾತು ಸುಲಭವಾಗಿ ಹೊರಡುತ್ತದೆ. 2016ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತಡವಾದ ಪ್ರತಿ ದಿನಕ್ಕೂ 50 ರೂಪಾಯಿ ಹೆಚ್ಚುವರಿ ಶುಲ್ಕ ವಿಧಿಸಿತು. ಆಟೋ ಚಾಲಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2017ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2021ರ ಅಕ್ಟೋಬರಿನ ಅಧಿಸೂಚನೆಯೊಂದು 2022ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅದೇ 50 ರೂಪಾಯಿಯನ್ನು ಮರಳಿ ತಂದಿತು.

ಲೆಕ್ಕ ಹಾಕಿದರೆ ನೂರು ದಿನಕ್ಕೆ 5,000 ರೂಪಾಯಿ. ವರ್ಷ ತುಂಬಿದರೆ 18,250. ತಡಮಾಡುವವನನ್ನು ಎಚ್ಚರಿಸಲು ಹೊರಟ ಶುಲ್ಕವೇ, ಒಮ್ಮೆ ಬೆಳೆದ ಮೇಲೆ ಅವನನ್ನು ಪರೀಕ್ಷೆಯ ಅಂಗಳದಿಂದ ದೂರವಿಡುವ ಭಯವಿದೆ. ಆಗ ಸವೆದ ಬ್ರೇಕು ಸವೆದೇ ಇರುತ್ತದೆ. ಪ್ರಯಾಣಿಕರೂ ಹತ್ತುತ್ತಲೇ ಇರುತ್ತಾರೆ. ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರ ಬೇರೆ ದಾರಿ ಹಿಡಿದಿತ್ತು. 2020ರ ಫೆಬ್ರವರಿ 1ರ ಅನಂತರ ಮುಗಿದ ಪತ್ರಗಳ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ, 2021ರ ಅಕ್ಟೋಬರ್ 31ರವರೆಗೆ ಮಾನ್ಯಮಾಡಿತು. ಕಾಗದದ ಆಯುಷ್ಯವೇನೋ ಬೆಳೆಯಿತು. ಬ್ರೇಕಿನ ಆಯುಷ್ಯ ಬೆಳೆಯಿತೆಂದು ಯಾವ ಮೆಕ್ಯಾನಿಕ್ಕನೂ ಹೇಳಲಾರ.

ಅಪಘಾತವಾದಾಗ ಈ ಪುಟ್ಟ ಕಾಗದದ ಭಾರ ನಿಜವಾಗಿ ತಿಳಿಯುತ್ತದೆ. ಅರ್ಹತಾ ಪತ್ರವಿಲ್ಲದಿರುವುದು ವಿಮೆಯ ಷರತ್ತಿನ ಮೂಲಭೂತ ಉಲ್ಲಂಘನೆಯೆಂದು ಕೇರಳ ಉಚ್ಚ ನ್ಯಾಯಾಲಯದ ಪೂರ್ಣಪೀಠ 2018ರಲ್ಲಿ ತೀರ್ಮಾನಿಸಿತು. ಗಾಯಗೊಂಡವರಿಗೆ ವಿಮಾ ಕಂಪನಿ ಕೊಟ್ಟ ಹಣವನ್ನು ಗಾಡಿಯ ಒಡೆಯನಿಂದ ವಸೂಲು ಮಾಡಬಹುದೆಂದು ಇದರ ಅರ್ಥ. ಸಾಲದ ಕಂತು ತೀರಿಸುತ್ತಿರುವ ಒಂಟಿ ಗಾಡಿಯ ಒಡೆಯನಿಗೆ ಅಂಥ ಮೊತ್ತದ ಮುಂದೆ ಪರ್ಮಿಟ್ಟಿನ ನಷ್ಟವೂ ಚಿಕ್ಕದೆನಿಸೀತು.

ಗಾಡಿಯ ನೋಂದಣಿ ಸಂಖ್ಯೆಯನ್ನು ಕೊಟ್ಟರೆ ಅದರ ಅರ್ಹತಾ ಪತ್ರ ಯಾವ ದಿನಾಂಕದವರೆಗೆ ಇದೆಯೆಂದು ಕೇಂದ್ರ ಸರ್ಕಾರದ ‘ವಾಹನ್’ ದಾಖಲೆ ತೋರಿಸುತ್ತದೆ. ಚೀಲಗಳನ್ನು ಮೂರನೆಯ ಬಾರಿ ಎಣಿಸುವಷ್ಟು ಹೊತ್ತು ಸಾಕು.