ಸಂಸ್ಥೆಗಳ ವಿಲೀನ ಮತ್ತು ನ್ಯಾಯದ ಪ್ರಶ್ನೆ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮನ್ಮಾಡ್, ಒಂದು ಕಾಲಕ್ಕೆ ಎರಡು ಬೇರೆ ಬೇರೆ ರೈಲ್ವೆಗಳು ಕೂಡುತ್ತಿದ್ದ ನಿಲ್ದಾಣ. ಮುಂಬಯಿಯಿಂದ ಭುಸಾವಳದ ಕಡೆಗೆ ಸಾಗುವ ಬ್ರಾಡ್‌ಗೇಜ್ ಮಾರ್ಗವು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಸೇರಿತ್ತು. ಇಂದಿನ ಛತ್ರಪತಿ ಸಂಭಾಜಿನಗರದ ಮೂಲಕ ಸಿಕಂದರಾಬಾದಿಗೆ ಹೋಗುವ ಮೀಟರ್‌ಗೇಜ್ ಮಾರ್ಗವು ನಿಜಾಮ್ ಸಂಸ್ಥಾನದ ರೈಲ್ವೆಗೆ ಸೇರಿತ್ತು. 1951ರ ನವೆಂಬರ್ 5ರಂದು ಈ ಎರಡನ್ನೂ ಇತರ ಕೆಲವು ರೈಲ್ವೆಗಳೊಡನೆ ಸೇರಿಸಿ ಮಧ್ಯ ರೈಲ್ವೆಯನ್ನು ರಚಿಸಲಾಯಿತು. ಆಡಳಿತವು ಒಂದೇ ದಿನ ಒಂದಾಯಿತು. ಹಳಿಗಳ ಅಗಲ ಒಂದಾಗಲು ಹಲವು ದಶಕಗಳು ಬೇಕಾದವು.

ನೌಕರವರ್ಗವನ್ನು ಒಂದುಗೂಡಿಸುವುದೂ ಸುಲಭದ ಕಾರ್ಯವಲ್ಲ. ಯಾವುದೇ ಎರಡು ಸಂಸ್ಥೆಗಳು ವಿಲೀನಗೊಂಡಾಗ ಎರಡು ಬಡ್ತಿ ನಿಯಮಗಳೂ ಎರಡು ಸೇವಾಜ್ಯೇಷ್ಠತಾ ಪಟ್ಟಿಗಳೂ ಎದುರುಬದುರಾಗುತ್ತವೆ. ಒಂದು ಸಂಸ್ಥೆಯಲ್ಲಿ ಹತ್ತು ವರ್ಷಕ್ಕೆ ಬಡ್ತಿ ದೊರೆಯುತ್ತಿದ್ದು, ಇನ್ನೊಂದರಲ್ಲಿ ಹದಿನೈದು ವರ್ಷ ಕಾಯಬೇಕಾಗಿತ್ತು ಎಂದು ಭಾವಿಸೋಣ. ಸೇವೆಗೆ ಸೇರಿದ ದಿನಾಂಕವನ್ನು ಗಣಿಸಿದರೆ ಬೇಗನೆ ಬಡ್ತಿ ಪಡೆದವರಿಗೆ ನಷ್ಟ. ಹುದ್ದೆಗೆ ಏರಿದ ದಿನಾಂಕವನ್ನು ಗಣಿಸಿದರೆ ತಡವಾಗಿ ಪಡೆದವರಿಗೆ ನಷ್ಟ. ಎರಡೂ ಪಕ್ಷಗಳ ವಾದದಲ್ಲಿ ನ್ಯಾಯವಿದೆ.

ಇಂತಹ ಸಂದರ್ಭದಲ್ಲಿ ಜನರು ಮೂರು ವಿಷಯಗಳನ್ನು ತೂಗಿ ನೋಡುತ್ತಾರೆ. ಮೊದಲನೆಯದು ಫಲ: ತಮಗೆ ದೊರೆತದ್ದನ್ನು ತಮ್ಮ ಹಿಂದಿನ ಸ್ಥಿತಿಯೊಡನೆ ಮತ್ತು ಇನ್ನೊಂದು ಸಂಸ್ಥೆಯವರಿಗೆ ದೊರೆತದ್ದರೊಡನೆ ಹೋಲಿಸುತ್ತಾರೆ. ಎರಡನೆಯದು ವಿಧಾನ: ನಿಯಮವನ್ನು ಮುಂಚಿತವಾಗಿ ಪ್ರಕಟಿಸಲಾಯಿತೇ, ಅದು ಎಲ್ಲರಿಗೂ ಸಮಾನವೇ, ಆಕ್ಷೇಪಣೆಗಳನ್ನು ಆಲಿಸಿ ತಪ್ಪುಗಳನ್ನು ಸರಿಪಡಿಸಲಾಯಿತೇ ಎಂಬುದು. ಮೂರನೆಯದು ನಡವಳಿಕೆ: ನಿರ್ಧಾರದ ಕಾರಣವನ್ನು ಅಧಿಕಾರಿಗಳೇ ಗೌರವದಿಂದ ತಿಳಿಸಿದರೇ, ಅಥವಾ ಅದು ವದಂತಿಯಾಗಿ ಕಿವಿಗೆ ಬಿದ್ದಿತೇ ಎಂಬುದು.

ಕರ್ನಾಟಕದಲ್ಲಿ, 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕೆನರಾ ಬ್ಯಾಂಕಿನಲ್ಲಿ, 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ವಿಲೀನಗೊಂಡಿತು. ಸಿಂಡಿಕೇಟ್ ಬ್ಯಾಂಕಿನ 1,000 ಷೇರುಗಳಿಗೆ ಕೆನರಾ ಬ್ಯಾಂಕಿನ 158 ಷೇರುಗಳೆಂದು ವಿನಿಮಯ ಪ್ರಮಾಣ ನಿಗದಿಯಾಯಿತು. ಷೇರಿಗೆ ಹೀಗೆ ಲೆಕ್ಕವುಂಟು. ಫಲಕದಿಂದ ಮರೆಯಾದ ಹೆಸರಿಗೆ ಅಂತಹ ಲೆಕ್ಕವಿಲ್ಲ. ಠೇವಣಿ ಸುರಕ್ಷಿತವಾಗಿದ್ದರೂ ಹಳೆಯ ಗ್ರಾಹಕರಿಗೂ ನೌಕರರಿಗೂ ಏನನ್ನೋ ಕಳೆದುಕೊಂಡಂತೆ ಅನಿಸುವುದು ಸಹಜ.

ವಿಲೀನದಿಂದ ಎಲ್ಲರಿಗೂ ಸಮಾನ ಲಾಭವಾಗಲಾರದು. ಆದರೆ ವಿಧಾನವು ನ್ಯಾಯವಾದುದೆಂದು ಮನವರಿಕೆಯಾದಾಗ, ಪ್ರತಿಕೂಲವಾದ ಫಲವನ್ನೂ ಜನರು ಹೆಚ್ಚಾಗಿ ಒಪ್ಪಿಕೊಳ್ಳುತ್ತಾರೆಂದು ಅಧ್ಯಯನಗಳು ತೋರಿಸಿವೆ. ಆದುದರಿಂದ ಪಟ್ಟಿಯನ್ನು ಸಿದ್ಧಪಡಿಸುವ ಮೊದಲೇ ನಿಯಮವನ್ನು ತಿಳಿಸುವುದು, ಅಹವಾಲುಗಳನ್ನು ಆಲಿಸುವುದು ಮತ್ತು ಪ್ರತಿಯೊಂದಕ್ಕೂ ಕಾರಣಸಹಿತ ಉತ್ತರ ನೀಡುವುದು ಆಡಳಿತದ ಕರ್ತವ್ಯ.